ಅತ್ತೆ-ಸೊಸೆ ಸಾಲು

ಕರಡಿಕೋಟೆಯ ಬಸ್ ನಿಲ್ದಾಣದಿಂದ ಉತ್ತರಕ್ಕೆ ಹೊರಟು, ಹಳೆಯ ಪೇಟೆ ದಾಟಿ, ಗಾಣದ ಓಣಿಯ ಕೊನೆಯಲ್ಲಿ ಇಳಿಜಾರು ಹಿಡಿದರೆ ಕೆಂಚಿಹೊಳೆಯ ದಂಡೆಯ ಕಾಡು ಎದುರಾಗುತ್ತದೆ. ಕಾಡು ಎಂದ ಕೂಡಲೇ ಹುಲಿ, ಕರಡಿ ಎಂದು ಗಾಬರಿಯಾಗಬೇಕಿಲ್ಲ. ಊರಿನ ಹೆಸರಿನಲ್ಲಿ ಕರಡಿ ಇದೆಯೇ ಹೊರತು ಈ ಕಾಡಿನಲ್ಲಿ ಅಳಿಲು, ಮಿಂಚುಳ್ಳಿ, ಗೊರವಂಕಗಳದೇ ದರ್ಬಾರು. ಹೊಳೆಮತ್ತಿ, ನೇರಳೆ, ಹೊಂಗೆಗಳು ಒಂದಕ್ಕೊಂದು ತೋಳು ಕೊಟ್ಟು ನಿಂತಿವೆ. ಒಳಗೆ ಹೊಕ್ಕ ಮೇಲೆ ಏರಿಲ್ಲ, ಇಳಿಜಾರಿಲ್ಲ, ಮಂಡಿನೋವಿನವರೂ ಆರಾಮಾಗಿ ನಡೆಯಬಹುದು. ಬೆಳಗಾದರೆ ಪೇಟೆಯ ಸೇಟುಗಳು, ನಿವೃತ್ತ ಮೇಷ್ಟ್ರುಗಳು, ಸಕ್ಕರೆ ಕಾಯಿಲೆಗೆ ಹೆದರಿದವರು, ಮದುವೆ ಗೊತ್ತಾಗಿ ತೆಳ್ಳಗಾಗಲು ಹೊರಟ ಹುಡುಗಿಯರು ಎಲ್ಲರೂ ಇಲ್ಲೇ. ಈ ಕಾಡಿನ ನಡುವೆ ಹೊಳೆಗುಂಟ ಎರಡು ಕಾಲುಹಾದಿಗಳು ಜೊತೆಜೊತೆಯಾಗಿ ಸಾಗುತ್ತವೆ. ಅವುಗಳ ಮಧ್ಯೆ ಒಂದು ಸೀರೆ ಹರಡುವಷ್ಟು ಅಗಲದ ಹುಲ್ಲಿನ ಪಟ್ಟಿ. ಆ ಪಟ್ಟಿಯಲ್ಲಿ ಗಿಡ ಬೆಳೆಯಗೊಡುವುದಿಲ್ಲ, ಅದನ್ನು ತುಳಿದು ಯಾರೂ ಅಡ್ಡ ದಾಟುವುದೂ ಇಲ್ಲ. ಈ ಜೋಡಿ ಹಾದಿಗೆ ಅತ್ತೆ-ಸೊಸೆ ಸಾಲು ಎಂದು ಹೆಸರು.

ನಮ್ಮ ನಾಡಿನಲ್ಲಿ ಅತ್ತೆ-ಸೊಸೆಯರ ಹೆಸರು ಹೊತ್ತ ಕೆರೆ, ಬಾವಿ, ಬಂಡೆಗಳಿಗೇನೂ ಬರವಿಲ್ಲ. ಆದರೆ ಅವುಗಳ ಕಥೆ ಕೇಳಲು ಗುಂಡಿಗೆ ಗಟ್ಟಿ ಇರಬೇಕು. ಒಬ್ಬಳು ಕೆರೆಗೆ ಹಾರವಾಗಿರುತ್ತಾಳೆ, ಇನ್ನೊಬ್ಬಳು ಕಲ್ಲಾಗಿರುತ್ತಾಳೆ, ಕೊನೆಗೆ ಕೇಳಿದವರ ಕಣ್ಣು ಒದ್ದೆಯಾಗುತ್ತದೆ. ಹೊರಗಿನಿಂದ ಬಂದವರು ಈ ಹೆಸರು ಕೇಳಿ ದನಿ ತಗ್ಗಿಸಿ, ಇಲ್ಲಿ ಸತ್ತವರು ಯಾರು ಎಂದು ವಿಚಾರಿಸುತ್ತಾರೆ. ಇಲ್ಲಿ ಯಾರೂ ಸತ್ತಿಲ್ಲ. ಇಲ್ಲಿ ಇಬ್ಬರು ಹೆಂಗಸರು ನಕ್ಕಿದ್ದಾರೆ, ಅಷ್ಟೆ. ಒಂದು ಜಾಗಕ್ಕೆ ಹೆಸರು ಬರಲು ಅಷ್ಟು ಸಾಲದೆಂದು ಯಾರಾದರೂ ಹೇಳಿದರೆ ಅವರು ಅತ್ತೆಮನೆಯನ್ನು ಕಂಡವರೇ ಅಲ್ಲ.

ಹಿಂದೆ ಒಮ್ಮೆ, ಕೋಟೆಯೊಳಗೆ ಪಾಳೆಯಗಾರರು ಇದ್ದ ಕಾಲದಲ್ಲಿ, ಗಾಣದ ಓಣಿಯ ಪಕ್ಕದಲ್ಲೇ ನೇಕಾರರ ಓಣಿ ಇತ್ತು ಎನ್ನುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಮಗ್ಗದ ಸದ್ದು. ಸೀರೆಯ ಉದ್ದಕ್ಕೂ ಸಾಗುವ ಎಳೆಗಳಿಗೆ ಹಾಸು ಎಂದು ಹೆಸರು. ಹಾಸನ್ನು ಮಗ್ಗಕ್ಕೆ ಏರಿಸುವ ಮೊದಲು ಬೀದಿಯುದ್ದಕ್ಕೂ ಬಿಗಿಯಾಗಿ ಕಟ್ಟಿ ಅದಕ್ಕೆ ಗಂಜಿ ಹಚ್ಚಬೇಕು. ಇಲ್ಲದಿದ್ದರೆ ನೂಲು ಮಗ್ಗದ ಪೆಟ್ಟು ತಾಳುವುದಿಲ್ಲ. ಗಂಜಿ ಹಚ್ಚುವವರು ಇಬ್ಬರು, ಹಾಸಿನ ಈ ಬದಿಗೆ ಒಬ್ಬರು, ಆ ಬದಿಗೆ ಒಬ್ಬರು. ಇಬ್ಬರ ಕೈಯಲ್ಲೂ ಬೇರಿನ ಕುಂಚ. ಎರಡೂ ಕುಂಚ ಒಂದೇ ಜಾಗದ ಮೇಲೆ ಒಟ್ಟಿಗೆ ಎಳೆಯಬೇಕು, ಎಳೆಯುತ್ತಾ ಒಟ್ಟಿಗೆ ಮುಂದೆ ನಡೆಯಬೇಕು. ಒಂದು ಕುಂಚ ಮುಂದೆ ಹೋಗಿ ಇನ್ನೊಂದು ಹಿಂದೆ ಬಿದ್ದರೆ ಎಳೆಗಳು ಗಂಟುಕಟ್ಟಿ ಹರಿಯುತ್ತವೆ. ಹೀಗೆ ಬೀದಿಯ ಆ ತುದಿಗೆ, ಮತ್ತೆ ಈ ತುದಿಗೆ, ಗಂಜಿ ಒಣಗುವವರೆಗೂ ನಡೆಯುತ್ತಲೇ ಇರಬೇಕು. ನೇಕಾರರ ಮನೆಯ ಹೆಂಗಸರ ಕಾಲು ಅಷ್ಟು ಗಟ್ಟಿಯಾಗಿದ್ದುದಕ್ಕೆ ಇದೇ ಕಾರಣ.

ಆ ಓಣಿಯಲ್ಲಿ ಹಂಪವ್ವನೆಂಬ ಹೆಂಗಸು ಇದ್ದಳು. ಗಂಡ ತೀರಿಹೋದ ಮೇಲೆ ಮಗ್ಗವನ್ನು ತಾನೇ ನಡೆಸಿ, ಮಗ ದೇವಲಪ್ಪನನ್ನು ಒಳ್ಳೆಯ ನೇಕಾರನನ್ನಾಗಿ ಮಾಡಿದವಳು. ಅವಳ ಕುಂಚ ಬಿದ್ದ ಹಾಸಿನಲ್ಲಿ ಎಳೆ ಹರಿದದ್ದು ಕಂಡವರಿಲ್ಲ ಎಂದು ಓಣಿಯೇ ಹೇಳುತ್ತಿತ್ತು. ಓಣಿ ಹೇಳುವುದನ್ನು ಹಂಪವ್ವ ಕೇಳಿಸಿಕೊಳ್ಳುತ್ತಿದ್ದಳು ಕೂಡ. ಆ ವರ್ಷ ಬನದ ಹುಣ್ಣಿಮೆಗೆ ಬನಶಂಕರಿಗೆ ಉಡಿಸುವ ಸೀರೆ ನೇಯುವ ಪಾಳಿ ಅವಳ ಮನೆಗೆ ಬಂದಿತ್ತು. ಅದೇ ವರ್ಷ ಮನೆಗೆ ಸೊಸೆಯೂ ಬಂದಿದ್ದಳು. ಅವಳ ಹೆಸರು ಶಾಕವ್ವ, ಹೊಳೆಯಾಚೆ ದೂರದ ನೇಕಾರರ ಊರಿನವಳು, ಮಾತಿನ ಮಲ್ಲಿ. ಹೊಸ ಸೊಸೆ ಅತ್ತೆಯ ಎದುರುಬದಿಗೆ ನಿಂತು ಮೊದಲ ಹಾಸಿನ ಮೇಲೆ ಕುಂಚ ಎಳೆಯುವುದು ಓಣಿಯ ಪದ್ಧತಿ. ಹಾಸು ಕೆಡದೆ ಮಗ್ಗ ಏರಿದರೆ ಸೊಸೆ ಮನೆಯವಳಾದಳು. ಕೆಟ್ಟರೆ ಕೆಲಸ ಕಲಿತು ಬಾ ಎಂದು ತವರಿಗೆ ಕಳಿಸುತ್ತಿದ್ದರು. ಹಾಗೆ ಹೋದವರಲ್ಲಿ ಕೆಲವರು ಬಂದರು, ಕೆಲವರು ಬರಲೇ ಇಲ್ಲ. ಶಾಕವ್ವನಿಗೆ ಹೋಗುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ದೇವಲಪ್ಪ ಮಾತು ಕಡಿಮೆಯ ಮನುಷ್ಯ, ಆದರೆ ಅವಳು ಮಾತಾಡುವಾಗ ಮಗ್ಗ ನಿಲ್ಲಿಸಿ ಕೇಳುತ್ತಿದ್ದ. ಅಂಥ ಗಂಡನನ್ನು ಬಿಟ್ಟು ಹೋಗುವುದುಂಟೇ?

ಮೊದಲ ಹಾಸನ್ನು ಬೀದಿಯಲ್ಲಿ ಕಟ್ಟಿದ ದಿನ ಇಡೀ ಓಣಿ ಜಗುಲಿಯ ಮೇಲೆ ಕೂತಿತ್ತು. ಶಾಕವ್ವ ತಲೆಯ ಮೇಲೆ ಸೆರಗು ಹೊದ್ದು, ಅತ್ತೆಯ ಎದುರುಬದಿಗೆ ನಿಂತು, ಅತ್ತೆಗಿಂತ ಒಂದು ಹೆಜ್ಜೆ ಹಿಂದೆ ನಡೆದಳು. ಅತ್ತೆಯ ಸಮಕ್ಕೆ ನಡೆಯಬಾರದು, ಒಂದು ಹೆಜ್ಜೆ ಹಿಂದೆಯೇ ಇರಬೇಕು ಎಂದು ತವರಿನಲ್ಲಿ ತಾಯಿ ಹೇಳಿ ಕಳಿಸಿದ್ದಳು. ಜಗುಲಿಯ ಮುದುಕಿಯರು ತಲೆದೂಗಿದರು. ಎಂಥ ನಯ, ಎಂಥ ಮರ್ಯಾದೆ ಎಂದು ಹೊಗಳಿದರು. ಹಂಪವ್ವನಿಗೂ ಒಳಗೊಳಗೇ ಹಿಗ್ಗಾಯಿತು. ಹಿಗ್ಗು ಹೆಚ್ಚು ಹೊತ್ತು ಉಳಿಯಲಿಲ್ಲ. ನಡುಬೀದಿಗೆ ಬರುವಷ್ಟರಲ್ಲಿ ಎಳೆಗಳು ಪಟಪಟನೆ ಹರಿಯತೊಡಗಿದವು. ಬಿಸಿಲು ಏರುವ ಹೊತ್ತಿಗೆ ಹಾಸು ಹಕ್ಕಿಯ ಗೂಡಿನಂತಾಯಿತು. ಮರ್ಯಾದೆಯನ್ನು ಹೊಗಳಿದ ಬಾಯಿಗಳೇ ಈಗ ಕೈಗುಣ ಸರಿಯಿಲ್ಲ ಎಂದವು. ತಪ್ಪು ಎಲ್ಲಿದೆಯೆಂದು ಯಾರಿಗೂ ಹೊಳೆಯಲಿಲ್ಲ, ಏಕೆಂದರೆ ಅದು ಎಲ್ಲರೂ ಮೆಚ್ಚಿದ ಜಾಗದಲ್ಲೇ ಇತ್ತು.

ಮನೆಗೆ ಬಂದು ಹಂಪವ್ವ ಕುಂಚವನ್ನು ಮೂಲೆಗೆ ಎಸೆದಳು. “ನಿನ್ನ ಕೈಗುಣಾನ ಸರಿ ಇಲ್ಲ. ಬನಶಂಕರಿ ತಾಯಿ ಸೀರಿ ಕೆಟ್ಟರ ಯಾವ ಮಾರಿ ತೋರಿಸಲಿ? ಇನ್ನೊಂದು ಹಾಸು ಕೊಡತೀನಿ. ಅದೂ ಹಿಂಗಾತಂದ್ರ ಗಂಟು ಕಟ್ಟು, ತವರಿಗೆ ನಡಿ.” ಶಾಕವ್ವ ಅಲ್ಲಿಯವರೆಗೆ ಅತ್ತೆಗೆ ಎದುರಾಡಿದವಳಲ್ಲ. ಆ ಹೊತ್ತು ತಡೆಯಲಾಗಲಿಲ್ಲ. “ತಪ್ಪು ಏನಂತ ಹೇಳ್ರಿ, ತಿದ್ದಿಕೋತೀನಿ. ಕೈಗುಣ ಅಂದರ ಕೈ ತಗದು ಬ್ಯಾರೆ ಹಚ್ಚಿಕೊಳ್ಳಲೇನ್ರಿ?” ಎಂದುಬಿಟ್ಟಳು. ಅಂದಿನಿಂದ ಅತ್ತೆ ಸೊಸೆಯೊಡನೆ ಮಾತು ಬಿಟ್ಟಳು, ಸೊಸೆಯೂ ಬಿಟ್ಟಳು.

ಒಂದೇ ಸೂರಿನಡಿ ಇದ್ದು ಮಾತು ಬಿಟ್ಟವರಿಗೆ ಮಾತಿನ ಅವಶ್ಯಕತೆ ಹೆಚ್ಚು ಎಂಬುದು ಬಲ್ಲವರಿಗೆ ಗೊತ್ತು. ಹಂಪವ್ವ ಬೆಕ್ಕಿಗೆ ಹೇಳುವಳು: “ಏನಬೇ ಬೆಕ್ಕೇ, ಹಿಟ್ಟು ಮುಗದೈತಿ, ಬೀಸೋರು ಯಾರೂ ಇಲ್ಲೇನು?” ಶಾಕವ್ವ ನೀರಿನ ಕೊಡಕ್ಕೆ ಹೇಳುವಳು: “ಕೊಡವ್ವಾ, ಬೀಸಿ ಇಟ್ಟೀನಿ, ಗಡಿಗಿ ಮುಚ್ಚಳ ತಗದು ನೋಡಂತ ಹೇಳವಾ.” ನಡುವೆ ದೇವಲಪ್ಪ ಮಗ್ಗದಲ್ಲಿ ತಲೆ ತಗ್ಗಿಸಿ ಕೂತು, ಎರಡೂ ಕಡೆಯ ಮಾತು ಕೇಳಿ, ಯಾವ ಕಡೆಗೂ ನಗದೆ ಇರುವ ಕಷ್ಟದ ಕೆಲಸ ಮಾಡುತ್ತಿದ್ದ. ರಾತ್ರಿಯಾದರೆ ಶಾಕವ್ವನಿಗೆ ಮಾತ್ರ ನಗು ಬರುತ್ತಿರಲಿಲ್ಲ. ಬೀದಿ ತುಂಬ ಕಣ್ಣುಗಳು, ಅಷ್ಟು ಬಾಯಿಗಳು. ಮತ್ತೆ ಅಲ್ಲೇ ನಿಂತರೆ ಎರಡನೆಯ ಹಾಸೂ ಕೆಡುವುದು ಖಂಡಿತ ಎಂದು ಅವಳಿಗೆ ಭಯವಿತ್ತು.

ಒಂದು ಮುಂಜಾನೆ ಹೊಳೆಗೆ ನೀರಿಗೆ ಹೋದವಳು ಕಾಡಿನೊಳಗೆ ಗೀಟು ಎಳೆದಂಥ ಒಂದು ಬಯಲನ್ನು ಕಂಡಳು. ಎರಡೂ ಕಡೆ ಹೊಳೆಮತ್ತಿ ಮರಗಳು, ನಡುವೆ ನೆಟ್ಟಗೆ, ಬೀದಿಗಿಂತ ಉದ್ದಕ್ಕೆ ಖಾಲಿ ನೆಲ. ಧೂಳಿಲ್ಲ, ಮೇಕೆ ಇಲ್ಲ, ಜಗುಲಿ ಇಲ್ಲ. ನೀರ ಮೇಲಿಂದ ಬರುವ ತಂಪುಗಾಳಿಗೆ ನೂಲು ಮೆತ್ತಗಿರುತ್ತದೆಂದು ಅವಳ ತವರಿನವರು ನೂಲನ್ನು ಹೊಳೆದಂಡೆಯ ಮರಗಳಡಿಯೇ ಆರಹಾಕುತ್ತಿದ್ದರು. ಅವಳು ಓಡೋಡಿ ಮನೆಗೆ ಬಂದು ಕೊಡಕ್ಕೆ ಗಟ್ಟಿಯಾಗಿ ಹೇಳಿದಳು: “ಕೊಡವ್ವಾ, ಹಾಸು ಹೊಳೀ ದಂಡಿಗೆ ಕಟ್ಟಿದರ ಹೆಂಗ? ಬನಶಂಕರಿ ಸೀರಿ ಬನದಾಗ ಆದರ ತಾಯಿ ಏನು ಬ್ಯಾಡ ಅಂತಾಳೇನು?” ಹಂಪವ್ವ ಬೆಕ್ಕನ್ನು ಮಡಿಲಿಗೆ ಎಳೆದುಕೊಂಡಳು. ಮಾತು ಸರಿಯಾಗಿತ್ತು, ಹೇಳಿದವಳ ಮೇಲೆ ಮಾತ್ರ ಸಿಟ್ಟಿತ್ತು. ಕೊನೆಗೆ, “ಬೆಕ್ಕೇ, ನಾಳೆ ನಸುಕಿನಾಗ ಗಂಜಿ ಕಾಸಬೇಕು” ಎಂದಳು.

ಮರುದಿನ ಪುಷ್ಯದ ಮಂಜು ಇನ್ನೂ ಹೊಳೆಯ ಮೇಲೆಯೇ ಇರುವಾಗ ದೇವಲಪ್ಪ ಮರದಿಂದ ಮರಕ್ಕೆ ಹಾಸನ್ನು ಬಿಗಿದು ಕಟ್ಟಿ ಮಗ್ಗಕ್ಕೆ ಹಿಂದಿರುಗಿದ. ಅತ್ತೆ ಹೊಳೆಯ ಬದಿಗೆ ನಿಂತಳು, ಸೊಸೆ ಊರಿನ ಬದಿಗೆ, ತವರಿನಲ್ಲಿ ತಾಯಿ ಹೇಳಿದಂತೆ ಒಂದು ಹೆಜ್ಜೆ ಹಿಂದೆ. ಕುಂಚಗಳು ಸರ್ ಸರ್ ಎನ್ನತೊಡಗಿದವು, ಒಂದರ ಸದ್ದು ಮುಗಿಯುವ ಮೊದಲೇ ಇನ್ನೊಂದರ ಸದ್ದು. ಆ ತುದಿ ಮುಟ್ಟುವ ಮುನ್ನವೇ ಒಂದು ಎಳೆ ಹರಿಯಿತು. ಹಂಪವ್ವ ಅದನ್ನು ಗಂಟುಹಾಕಿ ಮುಂದೆ ನಡೆದಳು. ಮುಗಿಯಿತು, ನಾಳೆ ತವರಿಗೆ ಗಂಟು ಕಟ್ಟಬೇಕು ಎಂದು ಶಾಕವ್ವ ಅಂದುಕೊಂಡಳು. ದುಃಖವಾದರೆ ಬೇರೆಯವರು ಸುಮ್ಮನಾಗುತ್ತಾರೆ, ಶಾಕವ್ವನಿಗೆ ಮಾತು ಬರುತ್ತಿತ್ತು. ಹೋಗುವುದೇ ಆದರೆ ಮಾತಾಡಿಯಾದರೂ ಹೋಗುತ್ತೇನೆ ಎಂದು ಪಕ್ಕದ ಮರಗಳಿಗೆ ಮೆಲುದನಿಯಲ್ಲಿ ಕಥೆ ಹೇಳತೊಡಗಿದಳು. ಅವಳ ಸೋದರಮಾವನ ಮದುವೆಯ ಕಥೆ ಅದು. ದಿಬ್ಬಣ ಮಂಜಿನಲ್ಲಿ ದಾರಿ ತಪ್ಪಿ ಬೇರೊಂದು ಊರಿಗೆ ಹೋಯಿತಂತೆ. ಅಲ್ಲೂ ಒಂದು ಮದುವೆ, ಅಲ್ಲೂ ಒಂದು ದಿಬ್ಬಣಕ್ಕೆ ಕಾಯುತ್ತಿದ್ದರಂತೆ. ಹುಡುಗನ ಮುಖ ಹುಡುಗಿಯ ಕಡೆಯವರು ಕಂಡಿಲ್ಲ, ಹುಡುಗಿಯ ಮುಖ ಇವರು ಕಂಡಿಲ್ಲ. ಕಾಲು ತೊಳೆದು ಒಳಗೆ ಕರೆದರು. ಇವರು ಹೋಳಿಗೆಯ ಮೇಲೆ ಹೋಳಿಗೆ ಹೊಡೆದರು. ಮಾವ ಬಾಸಿಂಗ ಕಟ್ಟಿಕೊಂಡು ಮಣೆಯ ಮೇಲೆ ಕೂತ.

ಹಂಪವ್ವನ ಕಿವಿ ಅಷ್ಟು ಚುರುಕಲ್ಲ, ವರ್ಷಗಟ್ಟಲೆ ಮಗ್ಗದ ಸದ್ದು ಕೇಳಿದ ಕಿವಿ ಅದು. ಬೀದಿಯಲ್ಲಾಗಿದ್ದರೆ ಒಂದು ಮಾತೂ ಕೇಳಿಸುತ್ತಿರಲಿಲ್ಲ. ಕಾಡಿನ ನಿಶ್ಶಬ್ದದಲ್ಲಿ ಅರ್ಧ ಕೇಳಿಸಿತು, ಉಳಿದರ್ಧ ಹಿಂದೆ ಉಳಿಯುತ್ತಿತ್ತು. ಅರ್ಧ ಕೇಳಿದ ಮದುವೆಯ ಸುದ್ದಿಯನ್ನು ಯಾವ ಹೆಂಗಸು ಬಿಟ್ಟಾಳು? ಹಾಗಾಗಿ ಹಂಪವ್ವ ತನಗರಿವಿಲ್ಲದೆ ನಡಿಗೆ ನಿಧಾನ ಮಾಡಿದಳು. ಕಥೆಯಲ್ಲಿ ಮುಳುಗಿದ ಶಾಕವ್ವ ನಿಧಾನ ಮಾಡಲಿಲ್ಲ. ಹಿಂದಿದ್ದವಳು ಸಮಕ್ಕೆ ಬಂದಳು. ಎರಡು ಕುಂಚಗಳ ಎರಡು ಸದ್ದು ಸೇರಿ ಒಂದೇ ಸದ್ದಾಯಿತು. ಎಳೆಗಳು ಹಸಿ ಗರಿಕೆಯ ಹಾಗೆ ಸಾಲುಗೂಡಿ ಮಲಗಿದವು. ಹೀಗೆ ಎಷ್ಟು ಸಲ ಆ ತುದಿ ಈ ತುದಿ ಮುಟ್ಟಿದರೋ, ಒಂದು ಎಳೆಯೂ ಹರಿಯಲಿಲ್ಲ. ಕಥೆಯಲ್ಲಿ ಪುರೋಹಿತರು ತಾಳಿ ಎತ್ತಿ ಕೊಟ್ಟ ಹೊತ್ತಿಗೆ ಊರಬಾಗಿಲಲ್ಲಿ ವಾದ್ಯ ಕೇಳಿಸಿತು, ನಿಜವಾದ ಮದುಮಗ ಬಂದುಬಿಟ್ಟಿದ್ದ. ಅಲ್ಲಿಗೆ ಹಾಸಿನ ತುದಿ ಬಂತು. ಶಾಕವ್ವ ಕುಂಚ ಅದ್ದಲು ಗಂಜಿಯ ಗಡಿಗೆಯ ಕಡೆ ಬಗ್ಗಿ ಸುಮ್ಮನಾದಳು.

“ಮುಂದ ಏನಾತು ಹೇಳಬೇ!” ಎಂದು ಹಂಪವ್ವ ಕೂಗಿದಳು. ಕೂಗಿದ ಮೇಲೆ ತಾನು ಬೆಕ್ಕಿಗಲ್ಲ, ಸೊಸೆಗೇ ಹೇಳಿದೆನೆಂದು ಅರಿವಾಗಿ ಬಾಯಿಗೆ ಸೆರಗು ಒತ್ತಿಕೊಂಡಳು. ಶಾಕವ್ವ ನಕ್ಕುಬಿಟ್ಟಳು. ಅವಳ ನಗು ಕಂಡು ಹಂಪವ್ವನಿಗೂ ತಡೆಯಲಾಗಲಿಲ್ಲ. ಹಾಸಿನ ಆ ಬದಿ ಒಬ್ಬಳು, ಈ ಬದಿ ಒಬ್ಬಳು, ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ನಗು ನಿಂತ ಮೇಲೆ ಹಂಪವ್ವ ಹಾಸಿನ ಮೇಲೆ ಅಂಗೈ ಆಡಿಸಿದಳು. ಆಮೇಲೆ ನೆಲ ನೋಡಿದಳು. ಮಂಜಿಗೆ ಒದ್ದೆಯಾದ ಮಣ್ಣಿನಲ್ಲಿ ಇಬ್ಬರ ಹೆಜ್ಜೆಗಳೂ ಎದುರುಬದುರಾಗಿ, ಸರಿಸಮವಾಗಿ ಮೂಡಿದ್ದವು. ಅವಳಿಗೆ ಎಲ್ಲ ತಿಳಿಯಿತು. “ಅಯ್ಯ ನನ್ನವ್ವಾ, ನಿನ್ನ ಕೈಗೇನೂ ಆಗಿಲ್ಲ. ನೀ ನನ್ನ ಹಿಂದ ನಡದಿದ್ದಿ, ನಾ ನಡಿಸಿಕೊಂಡಿದ್ದೆ. ಅದಕ್ಕ ಹರೀತು. ಇನ್ನ ಸಮಕ್ಕ ನಡಿ” ಎಂದಳು. ಅತ್ತೆಯ ಬಾಯಿಂದ ಇಂಥ ಮಾತು ಕೇಳಿದ ಶಾಕವ್ವನ ಕಣ್ಣುಗಳು ತುಂಬಿ ಬಂದವು. ಖುಷಿಯೇ ಅದು, ಬೇರೇನಲ್ಲ.

ಹೊತ್ತು ನೆತ್ತಿಗೇರಿದಾಗ ದೇವಲಪ್ಪ ಓಣಿಯ ನಾಲ್ಕಾರು ಮಂದಿಯನ್ನು ಕರೆದುಕೊಂಡು ಬಂದ. ಗಂಜಿ ಯಾವಾಗಲೋ ಒಣಗಿತ್ತು. ಇಬ್ಬರೂ ಒಣ ಕುಂಚ ಹಿಡಿದು, ಎಳೆಯುವುದನ್ನೂ ಮರೆತು, ಆ ಬದಿ ಈ ಬದಿ ಮಾತಾಡುತ್ತ ನಡೆಯುತ್ತಿದ್ದರು. ಗಂಡಸರು ಅವರನ್ನು ಕರೆದು ನೋಡಿದರು, ಉತ್ತರ ಬರಲಿಲ್ಲ. ಹಾಸು ಬಿಚ್ಚಿ, ಸುತ್ತಿ, ಹೆಗಲಿಗೇರಿಸಿ ಊರಿಗೆ ಹೊರಟರು. ಬನದ ಹುಣ್ಣಿಮೆಯಂದು ಬನಶಂಕರಿ ತಾಯಿ ಆ ಹಾಸಿನ ಸೀರೆಯನ್ನೇ ಉಟ್ಟಳು, ಅಂಥ ಸೀರೆ ಹಿಂದೆಂದೂ ಬಂದಿರಲಿಲ್ಲ ಎನ್ನುತ್ತಾರೆ. ಇತ್ತ ಕಾಡಿನಲ್ಲಿ ಹಾಸು ಹೋದದ್ದು ಅತ್ತೆ-ಸೊಸೆಯರಿಗೆ ಗೊತ್ತಾಗುವ ಹೊತ್ತಿಗೆ ಬಿಸಿಲು ಇಳಿದಿತ್ತು. ಇನ್ನು ಮನೆಗೆ ಹೋಗೋಣವೇ ಎಂದು ಶಾಕವ್ವ ಕೇಳಿದಳಂತೆ. ಸೋದರಮಾವನಿಗೆ ಯಾವ ಹುಡುಗಿ ಸಿಕ್ಕಳೆಂಬುದನ್ನು ಅವಳು ಇನ್ನೂ ಹೇಳಿರಲಿಲ್ಲ. “ತವರಿಗೆ ಕಳಸತೀನಿ ಅಂದಿದ್ದೆನಲ್ಲ, ಕಳಿಸಿದರ ಈ ಕಥಿ ಮುಗಸೋರು ಯಾರು?” ಎಂದಳು ಹಂಪವ್ವ. “ಇನ್ನೊಂದು ಸುತ್ತು ಬರೋಣ ನಡಿ.”

ಕರಡಿಕೋಟೆಯಲ್ಲಿ ಕೆಲಸವಿಲ್ಲದೆ, ಬರೀ ನಡೆಯುವುದಕ್ಕೆಂದು ನಡೆದವರು ಅವರಿಬ್ಬರೇ ಮೊದಲಿಗರು ಎನ್ನುತ್ತಾರೆ. ಆ ಕಥೆ ಹೇಗೆ ಮುಗಿಯಿತೆಂಬುದು ಇಂದಿಗೂ ಯಾರಿಗೂ ಗೊತ್ತಿಲ್ಲ. ಮುಗಿಸಿದರೆ ಸುತ್ತು ನಿಲ್ಲುತ್ತದೆಂದು ಶಾಕವ್ವ ವರ್ಷವರ್ಷವೂ ಅದಕ್ಕೊಂದು ತಿರುವು ಸೇರಿಸುತ್ತಲೇ ಹೋದಳಂತೆ. ಹಂಪವ್ವ ಕೊನೆಯವರೆಗೂ ಕೇಳುತ್ತಲೇ ಇದ್ದಳು. ನೇಕಾರರ ಓಣಿಯಲ್ಲಿ ಈಗ ಮಗ್ಗಗಳಿಲ್ಲ, ಮೊಬೈಲ್ ಅಂಗಡಿಗಳಿವೆ. ಆದರೂ ಹೊಸ ಸೊಸೆ ಬಂದ ಮನೆಯವರು ಒಂದು ಬೆಳಗ್ಗೆ ಅವಳನ್ನು ಇಲ್ಲಿಗೆ ಕರೆತರುವುದನ್ನು ಬಿಟ್ಟಿಲ್ಲ. ಅತ್ತೆ ಹೊಳೆಯ ಬದಿಗೆ, ಸೊಸೆ ಊರಿನ ಬದಿಗೆ, ನಡುವೆ ಅಂದು ಹಾಸು ಕಟ್ಟಿದ್ದ ಹುಲ್ಲಿನ ಪಟ್ಟಿ. ಅಲ್ಲಿ ಯಾರೂ ಯಾರ ಹಿಂದೆಯೂ ನಡೆಯುವಂತಿಲ್ಲ. ನೋಡಬಂದವರು ಬಗ್ಗಿ ನೋಡಿದರೆ ಎರಡೂ ಹಾದಿಗಳು ಒಂದೇ ಸಮ ಸವೆದಿರುವುದು ಕಾಣುತ್ತದೆ, ಒಂದು ಆಳ, ಇನ್ನೊಂದು ಮೇಲು ಎಂಬುದಿಲ್ಲ. ಬೆಳಗ್ಗೆ ಸ್ವಲ್ಪ ಹೊತ್ತು ಅಲ್ಲೇ ನಿಂತರೆ ಇನ್ನೊಂದೂ ಕಾಣುತ್ತದೆ. ಮಾತಾಡುತ್ತ ಬಂದ ಇಬ್ಬರು ಹಾದಿಯ ತುದಿ ಮುಟ್ಟುತ್ತಾರೆ, ಎದುರಿಗೇ ಅವರ ಸ್ಕೂಟರ್ ನಿಂತಿರುತ್ತದೆ, ಮನೆಯಲ್ಲಿ ಒಲೆ ಕಾಯುತ್ತಿರುತ್ತದೆ. ಒಬ್ಬಳು ಕೀಲಿ ಹುಡುಕುತ್ತಾಳೆ. ಇನ್ನೊಬ್ಬಳು, “ಆಮೇಲೆ ಏನಾತು?” ಎನ್ನುತ್ತಾಳೆ. ಇಬ್ಬರೂ ಹಿಂದಿರುಗಿ ನಡೆಯುತ್ತಾರೆ.