ಮುಟ್ಟದ ಬೆಳ್ಳಿ

ಮಲಪ್ರಭೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲಿಯ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

ತಮ್ಮ ಗುರು ದೊಡ್ಡಜ್ಜಾರು ಹುಟ್ಟಿ ನೂರು ವರ್ಷವಾದಾಗ ಅಜ್ಜಾರು ಅವರ ಮುಖ ಒತ್ತಿಸಿದ ನೂರೊಂದು ಬೆಳ್ಳಿ ನಾಣ್ಯ ಮಾಡಿಸಿದರು. ಬೆಳ್ಳಿ ಕೊಟ್ಟವರು ಭಕ್ತರು. ಕಾಲುಂಗುರ, ಮುರಿದ ಬಟ್ಟಲು, ಮೂಲೆಗೆ ಬಿದ್ದ ಕುಂಕುಮದ ಭರಣಿ, ಹೀಗೆ.

ಮಠದ ಅಂಗಳ ಗುಡಿಸುವ ಶಂಕ್ರವ್ವ ಒಂದು ಜೊತೆ ಗೆಜ್ಜೆ ಕೊಟ್ಟಳು. ಏಳು ವರ್ಷಕ್ಕೇ ಜ್ವರ ಬಂದು ತೀರಿಹೋದ ಮಗಳದು. ಅವಳ ಬಳಿ ಬೇರೆ ಬೆಳ್ಳಿ ಇರಲಿಲ್ಲ.

ನಾಣ್ಯ ಕಾಯುವ ಕೆಲಸ ಶಿಷ್ಯ ಚನ್ನವೀರನಿಗೆ ಬಂತು. ಯಾರೂ ಮುಟ್ಟದ ನಾಣ್ಯಕ್ಕೆ ಹತ್ತು ವರ್ಷದಲ್ಲಿ ಬೆಳ್ಳಿಯ ಎರಡು ಪಟ್ಟು ಬೆಲೆ ಬರುತ್ತದೆಂದು ಯಾರೋ ಅವನ ತಲೆಗೆ ತುಂಬಿದ್ದರು. ಆ ಹಣದಲ್ಲಿ ದಾಸೋಹದ ಮನೆಗೆ ಚಾವಣಿ ಹಾಕಿಸಬೇಕೆಂದು ಅವನ ಆಸೆ. ಒಂದೊಂದನ್ನೂ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟು ನಿಧಿ ಕಾಯುವ ಸರ್ಪದ ಹಾಗೆ ಕೂತ. ತಾನೂ ಮುಟ್ಟಲಿಲ್ಲ, ಇನ್ನೊಬ್ಬರಿಗೂ ಮುಟ್ಟಗೊಡಲಿಲ್ಲ.

ಶಂಕ್ರವ್ವ ಮೂರು ಸಲ ಬಂದಳು. ಒಂದು ನಾಣ್ಯ ಅಂಗೈ ಮೇಲೆ ಇಡು, ಒಂದು ಗಳಿಗೆ ಹಿಡಿದು ಕೊಟ್ಟುಬಿಡುತ್ತೇನೆ ಎಂದು ಕೇಳಿದಳು. ಮಗಳ ಗೆಜ್ಜೆ ಯಾವುದರಲ್ಲಿ ಸೇರಿದೆಯೋ ಗೊತ್ತಿಲ್ಲ, ಯಾವುದಾದರೂ ಆದೀತು ಎಂದಳು.

ಚನ್ನವೀರ ಮೂರು ಸಲವೂ ಡಬ್ಬಿಯ ಹೊರಗಿನಿಂದಲೇ ತೋರಿಸಿ ಕಳಿಸಿದ. ಬೆವರಿನ ಕೈ ತಾಗಿದರೆ ಕಲೆ ಉಳಿಯುತ್ತದೆ, ಬೆಲೆ ಇಳಿಯುತ್ತದೆ ಎಂದು ತಿಳಿಸಿ ಹೇಳಿದ. ಕೆಟ್ಟವನೇನಲ್ಲ ಅವನು. ಸಂಕಟವೆಂದರೆ ಅದೇ.

ಹೋದ ಶ್ರಾವಣದಲ್ಲಿ ಶಂಕ್ರವ್ವ ತೀರಿಕೊಂಡಳು.

ಹತ್ತು ವರ್ಷ ತುಂಬಿತೆಂದು ಚನ್ನವೀರ ನಾಣ್ಯಗಳನ್ನು ಪೇಟೆಯ ಬೆಳ್ಳಿ ಅಂಗಡಿಗೆ ಒಯ್ದ. ಸಂಜೆ ಚೀಲ ಹೊತ್ತು ಹಾಗೇ ವಾಪಸು ಬಂದ. ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು.

“ಏನಂದ್ರು?”

“ಕರಗಿಸಿದ ಬೆಳ್ಳಿ ರೇಟಷ್ಟ ಅಂತ್ರಿ, ಅಜ್ಜಾರ.”

ಅವನ ದನಿಯಲ್ಲಿ ಸಿಟ್ಟಿತ್ತು. ನಿಮ್ಮ ಮಠದ ನಾಣ್ಯ ಊರಾಚೆ ಯಾರಿಗೆ ಬೇಕು ಎಂದು ಅಂಗಡಿಯವನು ನಕ್ಕನಂತೆ. ಡಬ್ಬಿ ತೆರೆದು ಎಲ್ಲವನ್ನೂ ಒಟ್ಟಿಗೇ ತಕ್ಕಡಿಗೆ ಸುರಿಯಲು ಹೋದನಂತೆ.

“ಹತ್ತು ವರ್ಷ ಒಂದು ಕಲಿ ಬೀಳದಂಗ ಕಾದೀನ್ರಿ. ಅದಕ್ಕೇನೂ ಬೆಲಿ ಇಲ್ಲೇನ್ರಿ?”

ಅಜ್ಜಾರು ಕೈ ಚಾಚಿದರು. “ಒಂದು ಕೊಡು.”

ಚನ್ನವೀರ ಡಬ್ಬಿ ತೆರೆದ. ನಾಣ್ಯ ಹಿಡಿಯಲು ಬಟ್ಟೆಗಾಗಿ ಚೀಲವೆಲ್ಲ ತಡಕಾಡಿದ. ಆ ಮುದಿ ಅಂಗೈ ಕಾಯುತ್ತಲೇ ಇತ್ತು. ಕೊನೆಗೆ ನಾಚಿಕೆಯಾಗಿ ಬರಿಗೈಯಲ್ಲೇ ಎತ್ತಿಟ್ಟ.

ಅಜ್ಜಾರು ಅದನ್ನು ಮುಷ್ಟಿಯಲ್ಲಿ ಹಿಡಿದು ಬಹಳ ಹೊತ್ತು ಕೂತರು. ಬಿಡಿಸಿದಾಗ ದೊಡ್ಡಜ್ಜಾರ ಮುಖದ ತುಂಬ ಬೆವರಿನ ಗುರುತಿತ್ತು.

“ಈಗ ಎಷ್ಟು ಕಮ್ಮಿ ಆತು?”

“ಏನೂ ಇಲ್ರಿ. ತೂಕ ಅಷ್ಟ ಇರತೈತಿ.”

ಹಾಗೆಂದ ಮೇಲೆ ಅವನಿಗೆ ಶಂಕ್ರವ್ವನ ಕೈ ನೆನಪಾಯಿತು. ಪೊರಕೆ ಹಿಡಿದು ಒರಟಾದ ಕೈ. ಮೆಟ್ಟಿಲ ಮೇಲೆ ಕೂತ. ಏನಾದರೂ ಒಳ್ಳೆಯ ಮಾತಾಡಿ ಈ ಹೊತ್ತನ್ನು ದಾಟಿಬಿಡಬೇಕೆನಿಸಿತು.

“ಅಂಗಡಿಯಂವ ಒಂದು ದಾರಿ ಹೇಳ್ಯಾನ್ರಿ,” ಎಂದ. “ಇವನ್ನ ಕರಗಿಸಿ ಸಣ್ಣ ಹುಡುಗ್ಯಾರ ಗೆಜ್ಜಿ ಮಾಡಸ್ರಿ, ಅವಕ್ಕ ಗಿರಾಕಿ ಅದಾರ ಅಂದ.”

ಅಜ್ಜಾರು ನಾಣ್ಯವನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

“ಗೆಜ್ಜಿನ ಇದ್ದವಲ್ಲೋ ಅವು. ನಾವ ಕರಗಿಸಿದ್ವಿ.”