ಬೂದಿಗುಂಡಿಗೆ ಹೋದ ಹೇಂಟೆ

"ಗುರುಗಳೇ, ಒಳ್ಳೆಯದನ್ನು ಕೆಟ್ಟದ್ದರಿಂದ ಕಾಪಾಡಬೇಕಾದರೆ ಗೋಡೆ ಎಷ್ಟು ಎತ್ತರ ಇರಬೇಕು?" ಎಂದು ಶಿಷ್ಯ ಕೇಳಿದ.

ಪೇಟೆಯ ಅಂಚಿನಲ್ಲಿದ್ದ ಗುರುಗಳ ಪಾಠಶಾಲೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವನು ಅವನೇ. ಹಿಂದಿನ ದಿನ ಮಕ್ಕಳು ಗಾಡಿ ನಿಲ್ಲುವ ಬಯಲಿಗೆ ನುಗ್ಗಿ, ಗಾಡಿಯವರ ಮಕ್ಕಳೊಡನೆ ಕುಸ್ತಿಯಾಡಿ, ಮೈಯೆಲ್ಲ ಮಣ್ಣು ಮಾಡಿಕೊಂಡು, ನಾಲ್ಕಾರು ಹೊಸ ಬೈಗುಳ ಕಲಿತು ಬಂದಿದ್ದರು. ಅದರಲ್ಲೊಂದನ್ನು ಸಂಜೆಯ ಪ್ರಾರ್ಥನೆಯಲ್ಲೇ ಒಬ್ಬ ಪ್ರಯೋಗಿಸಿ ನೋಡಿದ್ದ. ಶಿಷ್ಯ ಆಗಲೇ ಕಲ್ಲು ಕಟ್ಟುವವನನ್ನು ಕರೆಸಿ ಜಾಗ ತೋರಿಸಿದ್ದ. ಗುರುಗಳು ಹೂಂ ಎಂದರೆ ನಾಳೆಯೇ ಪಾಯ.

ಗುರುಗಳು ಎತ್ತರ ಹೇಳಲಿಲ್ಲ. "ಕೂತುಕೋ" ಎಂದು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಟ್ಟೆಯ ವರ್ತಕನಿದ್ದ. ಬಿಳಿ ಪಂಚೆ, ಬಿಳಿ ಹಾಸು, ಬಿಳಿ ಪೇಟ ಅವನ ಸರಕು. ಬಿಳಿ ಬಟ್ಟೆಗೆ ಒಂದು ಚುಕ್ಕೆ ತಾಗಿದರೆ ಬೆಲೆ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಧೂಳೆಂದರೆ ನಷ್ಟ ಎಂಬುದು ಅವನ ಮೈಗೆ ಹತ್ತಿಹೋಗಿತ್ತು. ಅವನ ಅಂಗಡಿಯಲ್ಲಿ ಕೂರಲು ನೊಣವೂ ಕಾಲು ಒರೆಸಿಕೊಂಡು ಬರಬೇಕು ಎಂದು ಊರವರು ನಗುತ್ತಿದ್ದರು. ನಗುವವರೂ ಬಟ್ಟೆ ಕೊಳ್ಳುವುದು ಅವನಲ್ಲೇ ಆದ್ದರಿಂದ ಅವನಿಗೆ ಬೇಸರವಿರಲಿಲ್ಲ.

ಅವನ ಒಬ್ಬಳೇ ಮಗಳು ಗಂಡನ ಮನೆಯಲ್ಲಿ ಬಸುರಾದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಆ ಜನರಲ್ಲಿ ಅದಕ್ಕೊಂದು ಕಟ್ಟಳೆ ಇತ್ತು. ಬಾಣಂತಿಗೆ ಹಾಕುವ ಕೋಳಿ ಸಂತೆಯದಾಗಬಾರದು, ತವರಿನ ಹಿತ್ತಲಲ್ಲೇ ಮೊಟ್ಟೆಯೊಡೆದು ಬೆಳೆದದ್ದಾಗಬೇಕು. ಏಳನೆಯ ತಿಂಗಳಲ್ಲಿ ಬೀಗಿತಿ, ಎಂದರೆ ಹುಡುಗಿಯ ಅತ್ತೆ, ಬಂದು ಹಿತ್ತಲು ನೋಡುತ್ತಾಳೆ. ಮರಿಗಳು ಓಡಾಡುತ್ತಿದ್ದರೆ ಸೊಸೆಯನ್ನು ಕಳಿಸುತ್ತಾಳೆ. ಇಲ್ಲದಿದ್ದರೆ ಬಾಣಂತನ ಅತ್ತೆ ಮನೆಯಲ್ಲೇ.

ಮಗಳು ಬಳೆಗಾರನ ಬಾಯಲ್ಲಿ ಹೇಳಿ ಕಳಿಸಿದಳು: "ಅಪ್ಪಾ, ಇಲ್ಲಿ ಎಲ್ಲರೂ ಒಳ್ಳೆಯವರು. ಸಾರು ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ. ಕೋಳಿ ಮರೆಯಬೇಡ."

ವರ್ತಕ ಅಂಗಡಿಯ ಗದ್ದುಗೆಯಿಂದ ಎದ್ದು ನೇರ ಹಳ್ಳಿಗೆ ಹೋದ. ಒಬ್ಬ ರೈತನ ಹತ್ತಿರ ಒಂದು ಹುಂಜ, ಕೆಲವು ಹೇಂಟೆ ಆರಿಸಿದ. ಅವುಗಳಲ್ಲಿ ಒಂದು ಚುಕ್ಕೆ ಹೇಂಟೆ.

"ಇದು ಕಾವಿಗೆ ಕೂತರೆ ಸಿಡಿಲು ಬಡಿದರೂ ಏಳುವುದಿಲ್ಲ" ಎಂದ ರೈತ.

"ಸಾಕುವ ಬಗೆ?"

"ಬೆಳಿಗ್ಗೆ ಮಂಕರಿ ಎತ್ತಿ, ಸಂಜೆ ಮಂಕರಿ ಮುಚ್ಚಿ. ನಡುವೆ ಅವುಗಳ ತಂಟೆಗೆ ಹೋಗಬೇಡಿ."

ಏನೂ ಮಾಡದವನ ಸಲಹೆ ಅಗ್ಗದ್ದೇ ಇರುತ್ತದೆ ಎಂದುಕೊಂಡು ವರ್ತಕ ಕೋಳಿಗಳನ್ನು ಹೊರಿಸಿಕೊಂಡು ಬಂದ.

ಬಂದವನು ಹಿತ್ತಲನ್ನೊಮ್ಮೆ ನೋಡಿದ. ಒಂದು ಮೂಲೆಯಲ್ಲಿ ತಿಪ್ಪೆ. ಇನ್ನೊಂದು ಮೂಲೆಯಲ್ಲಿ ಬಚ್ಚಲ ಒಲೆಯ ಬೂದಿ ಸುರಿಯುವ ಗುಂಡಿ. ಮಗಳ ಬಾಯಿಗೆ ಹೋಗುವ ಕೋಳಿ ಇಲ್ಲಿ ಹೊರಳಾಡುವುದೇ? ಗಾಡಿ ಹೊಡೆಯುವ ದ್ಯಾವಣ್ಣನನ್ನು ಕರೆಸಿ ತಿಪ್ಪೆ, ಬೂದಿ ಎರಡನ್ನೂ ಓಣಿಯ ಕೊನೆಯ ಪಾಳು ಜಾಗಕ್ಕೆ ಸಾಗಿಸಿದ. ನೆಲಕ್ಕೆ ಚಪ್ಪಡಿ ಹಾಸಿಸಿದ. ಗೂಡಿಗೆ ಸುಣ್ಣ ಹೊಡೆಸಿದ. ಸುತ್ತ ಬೇಲಿ ಬಿಗಿಸಿದ. ಹುಳುಹುಪ್ಪಟೆ ತಿನ್ನುವ ಕರ್ಮ ಕೋಳಿಗಳಿಗೆ ಬೇಡವೆಂದು ತೊಳೆದ ನುಚ್ಚನ್ನು ತಟ್ಟೆಯಲ್ಲಿ ಇಟ್ಟ. ಶನಿವಾರ ಬಂತು. ಮನೆಮಂದಿಯ ಎಣ್ಣೆಸ್ನಾನ ಮುಗಿದ ಮೇಲೆ ಉಳಿದ ಬಿಸಿನೀರಿನಲ್ಲಿ ಸೀಗೆಪುಡಿ ಕಲಸಿ ಕೋಳಿಗಳಿಗೂ ಸ್ನಾನ ಮಾಡಿಸಿದ. ಹುಂಜ ಅವನ ಮೊಣಕೈ ಕುಕ್ಕಿತು. ಕುಕ್ಕಿಸಿಕೊಂಡೇ ಬೆನ್ನು ತಿಕ್ಕಿದ.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ನನ್ನ ಬೆನ್ನಿಗೆ ಒಂದು ದಿನವೂ ಸೀಗೆ ಹಾಕಲಿಲ್ಲ ನೀವು."

"ನಿನ್ನನ್ನು ಬೀಗಿತಿ ಪರೀಕ್ಷೆ ಮಾಡುವುದಿಲ್ಲವಲ್ಲೇ" ಎಂದ ವರ್ತಕ.

ಕೋಳಿಗಳು ಬೆಳ್ಳಗೆ ತೊಳೆದಿಟ್ಟ ಪಾತ್ರೆಯಂತಾದವು. ಕೆಲವೇ ದಿನ. ಆಮೇಲೆ ಗರಿ ಕೆದರಿದವು, ಜುಟ್ಟು ಬಿಳಿಚಿತು. ಕಾಲಲ್ಲಿ ಚಪ್ಪಡಿ ಗೀರುತ್ತಿದ್ದವು. ಏನೂ ಸಿಗದೆ ಸುಮ್ಮನೆ ನಿಲ್ಲುತ್ತಿದ್ದವು. ಚುಕ್ಕೆ ಹೇಂಟೆ ಕಾವಿಗೆ ಬಂತು. ವರ್ತಕ ಅಂಗಡಿಯ ಒಳ್ಳೆ ಬಟ್ಟೆಯನ್ನೇ ಮಡಚಿ ಹಾಸಿ ಮೊಟ್ಟೆ ಇಟ್ಟು ಕೂರಿಸಿದ. ಸಿಡಿಲಿಗೂ ಏಳದ ಕೋಳಿ ಗಳಿಗೆಗೊಮ್ಮೆ ಎದ್ದಿತು. ಎದೆ ಕುಕ್ಕಿಕೊಂಡಿತು, ರೆಕ್ಕೆ ಒದರಿತು, ಗೂಡಿನ ಅಂಚಿನಲ್ಲಿ ನಿಂತಿತು. ಮೊಟ್ಟೆ ತಣ್ಣಗಾದವು. ಮೂರು ವಾರ ಕಳೆದರೂ ಒಂದು ಕೊಕ್ಕೂ ಹೊರಗೆ ಬರಲಿಲ್ಲ. ವರ್ತಕ ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಅದು ಕೈಯಲ್ಲೇ ಒಡೆಯಿತು. ಆ ದಿನ ಅವನು ಅಂಗಡಿಗೆ ಹೋಗಲಿಲ್ಲ. ಹೋಗಿದ್ದರೂ ಆ ನಾತಕ್ಕೆ ಗಿರಾಕಿಗಳು ನಿಲ್ಲುತ್ತಿರಲಿಲ್ಲ.

ಯಾರೋ ದೃಷ್ಟಿ ಎಂದರು. ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ. ಕೋಳಿಗಳು ಕೆಮ್ಮಿದವು, ಅಷ್ಟೆ. ಇನ್ಯಾರೋ ನುಚ್ಚು ಸಾಲದು ಎಂದರು. ಸಣ್ಣಕ್ಕಿ ತರಿಸಿದ. ತಿಂದು ಹಾಗೇ ನಿಂತವು. ಹೇಂಟೆಯ ರೆಕ್ಕೆ ಎತ್ತಿ ನೋಡಿದಾಗ ಬುಡದಲ್ಲಿ ಕೋಳಿಹೇನು ಸಾಸಿವೆ ಚೆಲ್ಲಿದಂತೆ ಹರಿದಾಡುತ್ತಿತ್ತು. ಕೊಳೆ ಹೋಗಿಲ್ಲ ಎಂದುಕೊಂಡು ಬುಧವಾರವೂ ಸ್ನಾನ ಮಾಡಿಸಿದ.

"ಸಂತೆಯಿಂದ ಮರಿ ತಂದು ಬಿಟ್ಟರೆ ಬೀಗಿತಿಗೆ ಏನು ಗೊತ್ತಾಗುತ್ತದೆ?" ಎಂದು ಒಂದು ದಿನ ಹೆಂಡತಿಯನ್ನು ಕೇಳಿದ.

"ಆ ಹೆಂಗಸಿಗಾ? ಬೊಬೊಬೊ ಎಂದು ನಿಮ್ಮಿಂದಲೇ ಕರೆಸುತ್ತಾಳೆ. ಮನೆಯಲ್ಲಿ ಹುಟ್ಟಿದ ಮರಿ ಮನೆಯವರ ದನಿಗೆ ಓಡಿಬರುತ್ತದೆ. ಸಂತೆಯ ಮರಿ ದಿಕ್ಕಾಪಾಲಾಗುತ್ತದೆ. ಆಮೇಲೆ ನಿಮ್ಮ ಮುಖ ಎಲ್ಲಿ ಇಟ್ಟುಕೊಳ್ಳುತ್ತೀರಿ?"

ವರ್ತಕ ಆ ವ್ಯಾಪಾರ ಕೈಬಿಟ್ಟ.

ದಿನಗಳು ಓಡಿದವು. ಚುಕ್ಕೆ ಹೇಂಟೆ ಮತ್ತೆ ಮೊಟ್ಟೆ ಇಡುವ ಕಾಲ ಬಂತು. ಆದರೆ ಗೂಡಿನಲ್ಲಿ ಮೊಟ್ಟೆ ಕಾಣಲಿಲ್ಲ. ಮಧ್ಯಾಹ್ನದ ಹೊತ್ತು ಹೇಂಟೆಯೂ ಕಾಣುತ್ತಿರಲಿಲ್ಲ. ಒಂದು ದಿನ ವರ್ತಕ ಊಟಕ್ಕೆ ಬಂದವನು ಅದು ಬೇಲಿಯ ಬುಡದಲ್ಲಿ ನುಸುಳಿ ಹೋಗುವುದನ್ನು ಕಂಡ.

ಅವನಿಗೆ ರೇಗಿತು. ಬೆನ್ನಟ್ಟಿ ಹಿಡಿದು ತರಬೇಕೆಂದು ಪಂಚೆ ಮೇಲೆ ಕಟ್ಟಿದ. ಕಟ್ಟುತ್ತಲೇ ವರ್ತಕನ ಬುದ್ಧಿ ಎಚ್ಚರವಾಯಿತು. ನಮ್ಮ ಗಿರಾಕಿ ಪಕ್ಕದ ಅಂಗಡಿಗೆ ಹೋದರೆ ಅವನ ಕುತ್ತಿಗೆ ಹಿಡಿದು ಎಳೆದು ತರುತ್ತೇವೆಯೇ? ಅಲ್ಲಿ ಸಿಗುವುದು ನಮ್ಮಲ್ಲಿ ಏನಿಲ್ಲ ಎಂದು ನೋಡಿ ಬರುತ್ತೇವೆ. ವರ್ತಕ ಸದ್ದಿಲ್ಲದೆ ಹಿಂದೆ ಹೋದ.

ಹೇಂಟೆ ಓಣಿ ದಾಟಿತು, ಪಾಳು ಜಾಗಕ್ಕೆ ಹೋಯಿತು. ಅಲ್ಲಿ ಅವನದೇ ತಿಪ್ಪೆ ಇತ್ತು. ಅವನದೇ ಬೂದಿ ಇತ್ತು. ಹೇಂಟೆ ಬೂದಿಯಲ್ಲಿ ಕುಣಿ ಕೆದರಿ, ಒಂದು ಮಗ್ಗುಲಾಗಿ ಬಿದ್ದು, ಕಾಲು ಚಾಚಿ, ಕಣ್ಣು ಮುಚ್ಚಿತು.

"ಸತ್ತಿತು" ಎಂದ ವರ್ತಕ. ಅವನ ಕಣ್ಣಿಗೆ ಮಗಳು ಕಂಡಳು, ಅವಳ ಗಂಟಲಲ್ಲಿ ಇಳಿಯದ ಸಾರು ಕಂಡಿತು. ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ.

ಸತ್ತ ಹೇಂಟೆ ಮಗ್ಗುಲು ಬದಲಿಸಿತು. ರೆಕ್ಕೆಯಿಂದ ಬೂದಿ ಮೊಗೆದು ಬೆನ್ನಿಗೆ ಎರಚಿಕೊಂಡಿತು. ಗರಿಗರಿಯ ಬುಡಕ್ಕೂ ಇಳಿಯುವಂತೆ ಹೊರಳಿತು. ಮದುವೆ ಮನೆಯಲ್ಲಿ ಊಟ ಮುಗಿಸಿ ಮಲಗಿದವರ ಮುಖದಲ್ಲಿ ಕಾಣುವ ಸುಖ ಅದರ ಮುಖದಲ್ಲಿತ್ತು. ಕೊನೆಗೆ ಎದ್ದು ಮೈ ಕೊಡವಿತು. ವರ್ತಕನ ಪಂಚೆ, ಮೀಸೆ, ಹುಬ್ಬು ಎಲ್ಲ ಬೂದಿಯಾಯಿತು. ಹುಟ್ಟಿದ ಮೇಲೆ ಮೊದಲ ಸಲ ಅವನು ಪಂಚೆ ಕೊಡವಿಕೊಳ್ಳುವುದನ್ನು ಮರೆತ. ಹೇಂಟೆ ಮಲಗಿದ್ದ ಕುಣಿಯ ಮೇಲೆ ಬಗ್ಗಿದ್ದ. ಬೂದಿ ಮೆತ್ತಿಕೊಂಡ ಹೇನುಗಳು ಅಲ್ಲಿ ಉಸಿರು ಕಟ್ಟಿ ಒದ್ದಾಡುತ್ತಿದ್ದವು.

ಹೇಂಟೆ ತಿಪ್ಪೆಯಲ್ಲಿ ಕೆದರಿ ಗೆದ್ದಲು ಹೆಕ್ಕಿ ತಿಂದು, ಹರಳು ಗಿಡದ ಬುಡಕ್ಕೆ ನಡೆಯಿತು. ತರಗೆಲೆಯ ಮೇಲೆ ಮೊಟ್ಟೆಗಳಿದ್ದವು. ಅವುಗಳ ಮೇಲೆ ಮೈ ಹರಡಿ ಕೂತಿತು. ವರ್ತಕ ಕೆಮ್ಮಿದ. ಅದು ಏಳಲಿಲ್ಲ. ಹತ್ತಿರ ಹೋಗಿ ನಿಂತ. ಅದು ಕತ್ತಿನ ಗರಿ ನಿಮಿರಿಸಿ ಗುರ್ ಎಂದಿತು.

ಮನೆಗೆ ಬಂದವನನ್ನು ಹೆಂಡತಿ ಮೇಲಿಂದ ಕೆಳಗೆ ನೋಡಿದಳು. "ಯಾರಪ್ಪಾ ನೀನು? ನಮ್ಮ ಯಜಮಾನರು ಅಂಗಡಿಯಲ್ಲಿದ್ದಾರೆ."

"ನಗಬೇಡ. ಕೋಳಿ ಕೇಳಿ ಖಾರ ಅರೆಯುತ್ತಾರಾ ಎನ್ನುತ್ತಾರಲ್ಲ..."

"ಖಾರ ಅರೆಯುವುದಕ್ಕೆ ಕೇಳಬೇಕಿಲ್ಲ" ಎಂದಳು ಅವಳು. "ಸಾಕುವುದಕ್ಕೆ ಕೇಳಬೇಕಿತ್ತು."

ವರ್ತಕ ಮತ್ತೆ ದ್ಯಾವಣ್ಣನನ್ನು ಕರೆಸಿದ. ಬೂದಿ, ತಿಪ್ಪೆ ವಾಪಸು ತರಬೇಕೆಂದ.

ದ್ಯಾವಣ್ಣ ತಲೆ ಕೆರೆದುಕೊಂಡ. "ಕಸ ಹೊತ್ತುಹಾಕುವ ಕೂಲಿ ಬೇರೆ, ಸಾವ್ಕಾರ್ರೇ. ತಂದುಕೊಡುವುದಾದರೆ ಅದು ಮಾಲು. ಮಾಲಿನ ಬಾಡಿಗೆ ಆಗುತ್ತದೆ."

ವರ್ತಕ ಜೀವಮಾನದಲ್ಲಿ ಚೌಕಾಸಿ ಮಾಡದೆ ಒಪ್ಪಿಕೊಂಡದ್ದು ಅದೊಂದೇ ಬಾಡಿಗೆ.

ಚಪ್ಪಡಿಗಳನ್ನು ಕಿತ್ತು ಮೊದಲಿನ ಮೂಲೆಯಲ್ಲೇ ಬೂದಿಗುಂಡಿ ಮಾಡಿದ. ಒಣಮಣ್ಣು ಬೆರೆಸಿ, ಮಳೆ ಬೀಳದಂತೆ ಮೇಲೊಂದು ಸೋಗೆ ಚಪ್ಪರ ಹಾಕಿದ. ಗೂಡಿನ ಬಿರುಕಿಗೆಲ್ಲ ಬೂದಿ ತುಂಬಿದ. ಮಂಕರಿಗೆ ರಾಗಿಹುಲ್ಲು, ಅದರಡಿಗೆ ಬೇವಿನ ಸೊಪ್ಪು. ಹೊತ್ತು ಇಳಿಯುವಾಗ ಹೇಂಟೆಯನ್ನೂ ಮೊಟ್ಟೆಗಳನ್ನೂ ಎತ್ತಿ ತಂದು ಕೂರಿಸಿದ. ಅದು ಒಂದು ಸಲ ಸುತ್ತ ನೋಡಿತು. ಬೂದಿಯ ವಾಸನೆ ಮೂಗಿಗೆ ಬಿತ್ತೋ ಏನೋ, ಮೊಟ್ಟೆಗಳನ್ನು ಕೊಕ್ಕಿನಿಂದ ಒಳಕ್ಕೆ ಎಳೆದುಕೊಂಡು ಮಲಗಿತು. ಅಂದಿನಿಂದ ದಿನಕ್ಕೊಮ್ಮೆ ಎದ್ದು, ಒಂದು ಮುಕ್ಕು ತಿಂದು, ಬೂದಿಯಲ್ಲಿ ಒಂದು ಹೊರಳು ಹೊರಳಿ, ಮತ್ತೆ ಮೊಟ್ಟೆಗೆ ಓಡುತ್ತಿತ್ತು. ಬೇಲಿ ಇದ್ದಲ್ಲೇ ಇತ್ತು. ಹೇಂಟೆ ನುಸುಳುತ್ತಿದ್ದ ಕಿಂಡಿಯೂ ಇತ್ತು. ಅದು ಆ ಕಡೆ ತಿರುಗಿಯೂ ನೋಡಲಿಲ್ಲ.

ಮರಿಗಳು ಹೊರಬಂದವು. ವರ್ತಕ ಗೆದ್ದಲು ಹಿಡಿದ ಗೋಣಿಚೀಲ ತಂದು ಅವುಗಳ ಮುಂದೆ ಕೊಡವಿದ. ಮೊದಲ ದಿನ ತಾಯಿ ಕೆದರಿತು, ಮರಿಗಳು ನೋಡಿದವು. ಮಾರನೆಯ ದಿನ ಮರಿಗಳೂ ಕೆದರಿದವು. ಕೆದರಿದ ರಭಸಕ್ಕೆ ಹಿಂದಕ್ಕೆ ಉರುಳಿದವು. ಬೆಳಿಗ್ಗೆ ಮಂಕರಿ ಎತ್ತುವಾಗ ಒಂದು ಹಿಡಿ ನುಚ್ಚು ಎರಚಿ ಬೊಬೊಬೊ ಎನ್ನುವುದು ವರ್ತಕನ ಕೆಲಸವಾಯಿತು. ಒಂದು ಮರಿಯನ್ನು ಕಾಗೆ ಎತ್ತಿಕೊಂಡು ಹೋಯಿತು. ಯಾವ ಸರಕಿಗೂ ಒಂದಿಷ್ಟು ಸವಕಳಿ ಇದ್ದೇ ಇದೆ ಎಂದು ವರ್ತಕ ಮೇಲೊಂದು ಹಳೆಯ ಬಲೆ ಕಟ್ಟಿದ.

ಏಳನೆಯ ತಿಂಗಳಲ್ಲಿ ಬೀಗಿತಿ ಬಂದಳು. ಬೆಲ್ಲ ನೀರು ಕುಡಿದಳು, ಎಲೆಯಡಿಕೆ ಹಾಕಿಕೊಂಡಳು, ನೇರ ಹಿತ್ತಲಿಗೆ ನಡೆದಳು. ಊರಿನಲ್ಲೇ ಚೊಕ್ಕಟವೆಂದು ಹೆಸರಾದ ಮನೆಯ ಹಿತ್ತಲಲ್ಲಿ ಒಂದು ಕಡೆ ತಿಪ್ಪೆ, ಒಂದು ಕಡೆ ಬೂದಿ, ನಡುವೆ ಕಿತ್ತಿಟ್ಟ ಚಪ್ಪಡಿ. ಕೋಳಿ ಒಂದೂ ಕಾಣಲಿಲ್ಲ.

"ಎಲ್ಲಿ, ಕರೀರಿ ನೋಡೋಣ" ಎಂದಳು.

ವರ್ತಕ ಹಿತ್ತಲ ನಡುವೆ ಬಂದು ನಿಂತ. ಬೊಬೊಬೊ ಎಂದ. ಏನೂ ಆಗಲಿಲ್ಲ. ಹೆಂಡತಿ ಸೆರಗು ಬಿಗಿಹಿಡಿದಳು. ಇನ್ನೊಮ್ಮೆ ಕರೆದ. ಬೂದಿಗುಂಡಿ ಅಲುಗಿತು. ಅದರೊಳಗಿಂದ ಚುಕ್ಕೆ ಹೇಂಟೆ ಎದ್ದಿತು; ಅದರ ಹಿಂದೆ ಮರಿಗಳು, ಮೈತುಂಬ ವಿಭೂತಿ ಬಳಿದುಕೊಂಡವರ ಹಾಗೆ, ಒಂದರ ಮೇಲೊಂದು ಬಿದ್ದು ಓಡಿಬಂದವು. ವರ್ತಕನ ಕಾಲಿನ ಸುತ್ತ ಗುಂಪಾಗಿ, ಅವನ ಹೆಬ್ಬೆರಳನ್ನೇ ನುಚ್ಚೆಂದು ಕುಕ್ಕಿದವು.

ಬೀಗಿತಿ ಬಗ್ಗಿದಳು. ಹೇಂಟೆಯನ್ನು ಎತ್ತಿಕೊಂಡು, ತಲೆಕೆಳಗು ಮಾಡಿ, ಹೊಟ್ಟೆಯ ಗರಿಯನ್ನು ಉಫ್ ಎಂದು ಊದಿ ಬಿಡಿಸಿ ನೋಡಿದಳು. ಬುಡದಲ್ಲಿ ತೊಗಲು ಕೆಂಪಗೆ, ಒಂದು ಹೇನಿಲ್ಲದೆ ಹೊಳೆಯುತ್ತಿತ್ತು. ಜುಟ್ಟು ದಾಸವಾಳದಂತಿತ್ತು. ಕೆಳಗೆ ಬಿಟ್ಟಳು. ವರ್ತಕನನ್ನು ನೋಡಿದಳು. ಅವನ ಬಿಳಿ ಪಂಚೆಯ ಅಂಚಿಗೆ ಬೂದಿ ಹತ್ತಿತ್ತು.

"ಬೀಗರೇ, ನಿಮ್ಮ ಹಿತ್ತಲು ಗಲೀಜಾಗಿದೆ" ಎಂದಳು. "ಕೋಳಿ ಚೊಕ್ಕಟವಾಗಿದೆ. ನನ್ನ ಸೊಸೆ ಇಲ್ಲೇ ಬಾಣಂತನ ಮಾಡಿಸಿಕೊಳ್ಳಲಿ."

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಹೊರಗೆ ಮಕ್ಕಳು ಯಾವುದೋ ಹೊಸ ಬೈಗುಳವನ್ನು ರಾಗವಾಗಿ ಹಾಡುತ್ತಿದ್ದರು. ಕಲ್ಲು ಕಟ್ಟುವವನು ಬಾಗಿಲಲ್ಲಿ ಅಳತೆಯ ಹಗ್ಗ ಹಿಡಿದು ಕಾಯುತ್ತಿದ್ದ.

ಶಿಷ್ಯ ಆ ಹಗ್ಗದ ಕಡೆ ನೋಡಿದ. "ಹಾಗಾದರೆ ಗೋಡೆ ಬೇಡವೇ, ಗುರುಗಳೇ?"

ಗುರುಗಳು ನಕ್ಕರು.

"ಧಾರಾಳವಾಗಿ ಕಟ್ಟಿಸು. ಆದರೆ ಈ ಮಕ್ಕಳ ಬೂದಿಗುಂಡಿ ಗೋಡೆಯ ಯಾವ ಕಡೆ ಇರುತ್ತದೆ, ಅದನ್ನು ಮೊದಲು ಹೇಳು."