ಬತ್ತೀನಿ ಅಂದ ಕೈ

ಬೆಟ್ಟದ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಹೊಳೆಗೆ ದಾರಿಯೇ ಸರಿಯಾಗಿ ಗೊತ್ತಿರಲಿಲ್ಲ. ಎದುರು ಸಿಕ್ಕ ಮರಗಳನ್ನೆಲ್ಲ ಕೇಳಿಕೊಂಡು ಹರಿಯುತ್ತಿತ್ತು.

ಆಗೊಂದು ಪದ್ಧತಿಯಿತ್ತು. ಹೊಸದಾಗಿ ಹುಟ್ಟಿದ ಪ್ರಾಣಿ ಯಾವುದೇ ಇರಲಿ, ಬೆಳಗ್ಗೆ ಗುಡ್ಡದ ಮೇಲೆ ಹೋಗಿ ಸೂರ್ಯನಿಗೆ ಮುಖ ತೋರಿಸಬೇಕು. ಸೂರ್ಯ ಅದರ ಕಣ್ಣೊಳಗೆ ನೋಡಿ "ಇರು" ಅಂದರೆ ಅದು ಲೋಕದಲ್ಲಿ ಉಳಿಯಿತು. ಕಣ್ಣು ಕಾಣಿಸದಿದ್ದರೆ ಬಂದದ್ದು ಬಂದಲ್ಲಿಗೇ. ಹಸು ಹೋಗಿಬಂದಿತ್ತು, ಗಿಳಿ ಹೋಗಿಬಂದಿತ್ತು. ಆಮೆ ಕೂಡ ತಿಂಗಳು ಮೊದಲೇ ಹೊರಟು ಹೋಗಿಬಂದಿತ್ತು!

ಉಳಿದವನು ಕೆಂದ. ಕೆಂದ ಅಂದರೆ ಮೊಟ್ಟಮೊದಲ ಕುದುರೆಮರಿ, ಗಾಳಿರಾಯನ ಮಗ. ಅಪ್ಪನ ಹಿಂದೆ ಬಯಲೆಲ್ಲ ಓಡಿದ್ದೇ ಓಡಿದ್ದು. ಮೈತುಂಬ ಮುಳ್ಳುಕಾಯಿ ಅಂಟಿದ್ದವು, ಗೊರಸು ಅಡ್ಡಾದಿಡ್ಡಿ ಬೆಳೆದಿತ್ತು, ಹಣೆಯ ಕೂದಲು ಜಡೆಗಟ್ಟಿ ಎರಡೂ ಕಣ್ಣು ಮುಚ್ಚಿತ್ತು. ಮಾರನೆಯ ಬೆಳಗ್ಗೆ ಅವನ ಸರದಿ. ಹೀಗೇ ಹೋದರೆ ಸೂರ್ಯನಿಗೆ ಅವನ ಕಣ್ಣು ಕಾಣುವುದಿಲ್ಲ; ಕೆಂದ ಕರಗಿ ಮತ್ತೆ ಗಾಳಿಯಾಗಿಬಿಡುತ್ತಾನೆ.

ಗಾಳಿರಾಯ ಏನು ಮಾಡಿಯಾನು? ಅವನಿಗೆ ಕೈಯಿಲ್ಲ. ಮಗನನ್ನು ಹೊಳೆದಡದ ಈರಜ್ಜಿಯ ಹತ್ತಿರ ಕರೆತಂದ. ಹೊಸ ಮರಿಗಳ ಮೈ ತೊಳೆದು, ಕೂದಲು ಬಾಚಿ ಗುಡ್ಡಕ್ಕೆ ಕಳಿಸುವವಳು ಅವಳೇ.

"ಬೇಗ ಅಜ್ಜಿ, ಬೇಗ ಬೇಗ!" ಅಂದ ಗಾಳಿರಾಯ.

"ಆತುರಗಾರನಿಗೆ ಬುದ್ಧಿ ಮಟ್ಟ. ನೀನು ಸುಮ್ಕೆ ಆ ಹುಣಸೆಮರದ ಮ್ಯಾಲೆ ಕೂತ್ಕೋ ಹೋಗು," ಅಂದಳು ಅಜ್ಜಿ.

ಅಜ್ಜಿ ಕೈ ಚಾಚಿ ಮುಟ್ಟಿದಳು. ಅಷ್ಟೇ, ಕೆಂದನಿಗೆ ಜೀವ ಬಾಯಿಗೆ ಬಂತು. ಹುಟ್ಟಿದಾಗಿನಿಂದ ಅವನನ್ನು ಮುಟ್ಟಿದವನು ಅಪ್ಪನೊಬ್ಬನೇ. ಅಪ್ಪನಿಗೆ ಭಾರವೆಂಬುದೇ ಇರಲಿಲ್ಲ. ಈ ಕೈಗೆ ಭಾರವಿತ್ತು, ಬಿಸಿಯಿತ್ತು. ಎಲ್ಲಿಂದ ಬಂತೆಂದು ಕಾಣಿಸುತ್ತಲೂ ಇರಲಿಲ್ಲ. ಹಿಂಗಾಲು ಝಾಡಿಸಿ ಓಡಿಬಿಟ್ಟ.

ಅಜ್ಜಿ ಬೆನ್ನಟ್ಟಲಿಲ್ಲ. ಹುಲ್ಲಿನ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡಳು. ಅಗಿಯುವುದು ಮುಗಿಯುವ ಹೊತ್ತಿಗೆ ಅವನೇ ಮೂಸಿಕೊಂಡು ಬಂದ.

"ತಪ್ಪು ನಂದೇ ಕಣೋ. ಹೇಳ್ದೆ ಕೇಳ್ದೆ ಮನೆಯೊಳಕ್ಕೆ ನುಗ್ಗಿದಂಗಾಯ್ತು. ಇನ್ಮ್ಯಾಲೆ ಹೇಳಿಯೇ ಬರ್ತದೆ ನನ್ನ ಕೈ."

"ಹೆಗಲಿಗೆ ಬತ್ತೀನಿ," ಅಂದಳು. ಆಮೇಲೆ ಹೆಗಲಿಗೆ ಕೈ ಬಂತು.

"ಬೆನ್ನಿಗೆ ಬತ್ತೀನಿ." ಬೆನ್ನಿಗೆ ಕೈ ಬಂತು. ತೆಂಗಿನ ನಾರಿನಿಂದ ಉಜ್ಜಿದಳು, ಮುಳ್ಳುಕಾಯಿ ಉದುರಿದವು.

"ಕಾಲಿಗೆ ಬತ್ತೀನಿ." ಕಾಲಿಗೆ ಕೈ ಬಂತು. ಗೊರಸನ್ನು ಒರಟುಕಲ್ಲಿಗೆ ತೇಯ್ದು ಸಮ ಮಾಡಿದಳು.

ಬತ್ತೀನಿ ಅಂದರೆ ಕೈ ಬರುತ್ತದೆ. ಕೆಂದ ಕಲಿತ ಮೊದಲ ಮಾತು ಅದು. ನೆಂಟರ ದನಿ ಕೇಳಿದರೆ ನಾವು ಬಾಗಿಲಿಗೆ ಬರುತ್ತೇವಲ್ಲ, ಹಾಗೆ ಆ ಮಾತು ಕೇಳಿದೊಡನೆ ಅವನ ಚರ್ಮ ತಾನಾಗಿ ಅಲುಗಿ ಕೈಯನ್ನು ಎದುರುಗೊಳ್ಳುತ್ತಿತ್ತು.

ಹಣೆಯ ಜಡೆಯೊಂದಕ್ಕೆ ಮಾತ್ರ ಅವನು ಒಪ್ಪಲಿಲ್ಲ. ಕತ್ತರಿ ಇನ್ನೂ ಹುಟ್ಟಿರಲಿಲ್ಲ. ಅಜ್ಜಿಯ ಬಳಿ ಇದ್ದದ್ದು ಮಸೆದ ಕಪ್ಪೆಚಿಪ್ಪು. ಅದರ ಕರಕರ ಸದ್ದಿಗೇ ಹಿಂದೆ ಹಿಂದೆ ಸರಿದ. ಜಡೆ ಹಾಗೇ ಉಳಿಯಿತು. ಹಾಗೆಯೇ ಗುಡ್ಡ ಹತ್ತಿದರು, ಹಾಗೆಯೇ ಮೂಡಲು ಕೆಂಪಾಯಿತು.

"ಕಣ್ಣ ಹತ್ರಕ್ಕೆ ಬತ್ತೀನಿ ಮಗ," ಅಂದಳು ಅಜ್ಜಿ.

ಕೆಂದನ ಮೈಯೆಲ್ಲ ನಡುಗಿತು. ಆದರೆ ಕಾಲು ನೆಲ ಬಿಡಲಿಲ್ಲ. ಕರಕರ ಅಂದಿತು, ಜಡೆ ಕಳಚಿ ಬಿತ್ತು. ಮೊದಲು ಅವನಿಗೆ ಕಾಣಿಸಿದ್ದು ಸೂರ್ಯನಲ್ಲ, ಈರಜ್ಜಿಯ ಮುಖ. ಎಲೆಯಡಿಕೆಯಿಂದ ಕೆಂಪಾದ ಬಾಯಿ ಅಗಲಿಸಿ ಅವಳು ನಗುತ್ತಿದ್ದಳು. ಅವಳ ಹಿಂದಿನಿಂದ ಸೂರ್ಯ ಮೇಲೆದ್ದು ಅವನ ಕಣ್ಣು ನೋಡಿದ.

"ಇರು," ಅಂದ ಸೂರ್ಯ.

ಗಾಳಿರಾಯ ಖುಷಿಗೆ ಗುಡ್ಡದ ಹುಲ್ಲನ್ನೆಲ್ಲ ಮಲಗಿಸಿಬಿಟ್ಟ.

ಅಷ್ಟರಲ್ಲಿ ಹೊಳೆಯಾಚೆಯಿಂದ ಕರೆ ಬಂತು. ಅಲ್ಲೊಂದು ಕತ್ತೆಮರಿ ಯಾರಿಗೂ ಕಿವಿ ಮುಟ್ಟಗೊಡದೆ ರಂಪ ಮಾಡುತ್ತಿತ್ತಂತೆ. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳು. ಹೊರಡುವಾಗ ಯಾರಾದರೂ 'ಹೋಗ್ತೀನಿ' ಅನ್ನುತ್ತಾರೆಯೇ? ಎಲ್ಲರೂ ಹೇಳುವ ಹಾಗೆಯೇ ಅವಳೂ ಹೇಳಿದಳು.

"ಬತ್ತೀನಿ ಕಣೋ ಕೆಂದ."

ಕೆಂದ ಹೆಗಲಿನ ಚರ್ಮ ಅಲುಗಿಸಿ ಕಾದ. ಕೈ ಬರಲಿಲ್ಲ. ಬೆನ್ನಿಗಿರಬೇಕು ಅಂದುಕೊಂಡು ಬೆನ್ನು ಅಲುಗಿಸಿದ. ಕೈ ಬರಲಿಲ್ಲ. ಅಜ್ಜಿ ಹೊಳೆ ದಾಟಿ ಚಿಕ್ಕದಾಗುತ್ತ ಹೋದಳು.

ಹುಲ್ಲು ಒಣಗಿತು, ಮತ್ತೆ ಚಿಗುರಿತು. ವಯಸ್ಸಾದ ಜೀವ, ಅಜ್ಜಿ ಆಚೆ ದಡದಲ್ಲೇ ಉಳಿದುಬಿಟ್ಟಳು. ಕೆಂದ ದಿನವೂ ಹೊಳೆಯ ಹತ್ತಿರ ಬಂದು ನಿಲ್ಲುತ್ತಿದ್ದ. ತೆಂಗಿನ ನಾರಿನ ವಾಸನೆ ನೆನಪಾದರೆ ಅವನಿಗೆ ಹುಲ್ಲೂ ಸೇರುತ್ತಿರಲಿಲ್ಲ.

"ಹೊಳೆಯಕ್ಕ, ಅಜ್ಜಿ ಬತ್ತೀನಿ ಅಂದಿದ್ಲಲ್ಲ?"

"ಹೋಗೋರೆಲ್ಲ ಹಂಗೇ ಅನ್ನೋದು ಕಣಪ್ಪ," ಅಂದಳು ಹೊಳೆ. "ದಿನಾ ಕೇಳ್ತೀನಿ ನಾನು."

"ನಂಗೆ ಅಜ್ಜಿ ಹೇಳ್ಕೊಟ್ಟಿದ್ದು ಹಂಗಲ್ಲ. ಬತ್ತೀನಿ ಅಂದ್ಮೇಲೆ ಕೈ ಬರ್ಬೇಕು."

ಪಾಪ, ಹೊಳೆ ಆಚೆ ದಡಕ್ಕೊಮ್ಮೆ ತುಳುಕಿ ಮುಂದಕ್ಕೆ ಹರಿದಳು.

ಕೆಂದ ಕಾದ. ಅವನ ಮಕ್ಕಳು ಕಾದರು, ಮೊಮ್ಮಕ್ಕಳು ಕಾದರು. ಹಸುವೂ ಹಾಗೇ ಚರ್ಮ ಅಲುಗಿಸುತ್ತದಲ್ಲ ಅಂತ ಕೇಳಬೇಡಿ; ಅದು ಕುದುರೆಯನ್ನು ನೋಡಿ ಕಲಿತದ್ದು.

ಅದಕ್ಕೇ ಮಕ್ಕಳೇ, ಇವತ್ತಿಗೂ ಕುದುರೆಯ ಮೈಮೇಲೆ ಒಂದು ನೊಣ ಕೂತರೂ, ಒಂದು ಎಲೆ ಬಿದ್ದರೂ, ಅಷ್ಟೇ ಜಾಗದ ಚರ್ಮ ಸಣ್ಣಗೆ ನಡುಗುತ್ತದೆ. ಅದು ಹೆದರಿಕೆಯಲ್ಲ, ಅಜ್ಜಿಯ ಕೈ ಬಂತೇನೋ ಅಂತ ಬಾಗಿಲಿಗೆ ಬಂದು ನೋಡುವುದು.